ತಾರೀಕು ತಪ್ಪಿದರೆ ಪುಸ್ತಕವೇ ಸುಳ್ಳಾ? ಅಂತರ್ಯುದ್ಧದಿಂದ ಬದುಕಿ ಬಂದ ಮಕ್ಕಳ ಆತ್ಮಕಥೆ ಓದುವ ಬಗ್ಗೆ

ಕೊತ್ರೂಡ್ ಓದುಗ:

ನಮ್ಮ ಓದುಗರ ಗುಂಪಿನಲ್ಲಿ ಈ ತಿಂಗಳು ಜೋರು ಜಗಳ ಆಗಿದೆ. ಮಾತು ಬಿಡುವಷ್ಟೇನೂ ಅಲ್ಲ, ಆದರೆ ಚಹಾ ಮತ್ತೆ ಬಿಸಿ ಮಾಡಬೇಕಾಯಿತು. ನಮ್ಮಲ್ಲೇ ಬಗೆಹರಿಯುವ ಹಾಗೆ ಕಾಣುತ್ತಿಲ್ಲ. ಅದಕ್ಕೆ ಇಲ್ಲಿ ತಂದಿದ್ದೇನೆ.

ಪುಸ್ತಕ ಇಶ್ಮಾಯೆಲ್ ಬೇಯಾ ಬರೆದ 'ಎ ಲಾಂಗ್ ವೇ ಗಾನ್'. 2007ರಲ್ಲಿ ಬಂದದ್ದು. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಬೇಯಾಗೆ ಹನ್ನೆರಡು ವರ್ಷ. ಅಣ್ಣ ಮತ್ತು ಗೆಳೆಯರ ಜೊತೆ ಮಟ್ರು ಜಾಂಗ್ ಅನ್ನುವ ಊರಿಗೆ ಹಾಡಿನ ಸ್ಪರ್ಧೆಗೆ ಅಂತ ನಡೆದು ಹೋಗುತ್ತಾನೆ. ಅತ್ತ ಹೋದ ಮೇಲೆ ಇತ್ತ ಅವನ ಊರಿನ ಮೇಲೆ ಬಂಡುಕೋರರು ಬೀಳುತ್ತಾರೆ. ಮತ್ತೆ ಮನೆ ಅನ್ನುವುದು ಸಿಗುವುದಿಲ್ಲ. ಕಾಡಿನಲ್ಲಿ ಅಲೆದು ಅಲೆದು ಕೊನೆಗೆ ಸರ್ಕಾರಿ ಸೈನ್ಯದ ಕೈಗೆ ಸಿಕ್ಕು, ಹದಿಮೂರನೇ ವಯಸ್ಸಿಗೆ ಬಂದೂಕು ಹಿಡಿಯುತ್ತಾನೆ. ಗಮನಿಸಿ, ಬಂಡುಕೋರರಲ್ಲ, ಸರ್ಕಾರದ ಸೈನ್ಯ. 1996ರಲ್ಲಿ ಯುನಿಸೆಫ್‌ನವರು ಲಾರಿ ತಂದು ಕರೆದುಕೊಂಡು ಹೋಗುತ್ತಾರೆ.

ಜಗಳ ಎಲ್ಲಿ ಅಂದರೆ, 2008ರಲ್ಲಿ 'ದಿ ಆಸ್ಟ್ರೇಲಿಯನ್' ಪತ್ರಿಕೆ ಒಂದು ತಕರಾರು ತೆಗೆಯಿತು. ಬೇಯಾ ಹೇಳುವ ದಾಳಿ ಆದದ್ದು 1993ರ ಜನವರಿಯಲ್ಲಲ್ಲ, 1995ರ ಜನವರಿಯಲ್ಲಿ ಅಂತ. ಹಾಗಿದ್ದರೆ ಅವನು ಸೈನಿಕನಾದಾಗ ಹದಿನೈದು ವರ್ಷ, ಸೈನ್ಯದಲ್ಲಿ ಇದ್ದದ್ದು ಅವನು ಬರೆದ ಹಾಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲ, ಕೆಲವೇ ತಿಂಗಳು. ಬೇಯಾ ಮತ್ತು ಪ್ರಕಾಶಕರು ಇದನ್ನು ಒಪ್ಪಲಿಲ್ಲ, ಬರೆದದ್ದೇ ಸರಿ ಅಂದರು. ನಮ್ಮ ಗುಂಪಿನಲ್ಲಿ ಬ್ಯಾಂಕಿನ ಆಡಿಟ್‌ನಲ್ಲಿದ್ದು ನಿವೃತ್ತರಾದ ಒಬ್ಬರು ಇದ್ದಾರೆ. ಅವರು ಪುಸ್ತಕ ಮುಚ್ಚಿಟ್ಟು, "ಮೊದಲ ಎಂಟ್ರಿಯೇ ತಪ್ಪಿದ್ದರೆ ಟೋಟಲ್ ಹೇಗೆ ನಂಬಲಿ?" ಅಂದರು. ಅಲ್ಲಿಂದ ಶುರು.

ನೀವೆಲ್ಲ ಇಂಥ ಪುಸ್ತಕ ಹೇಗೆ ಓದುತ್ತೀರಿ?

ಡೊಂಬಿವಲಿ ಲೋಕಲ್:

ನಾನು ಆ ಆಡಿಟ್ ಸಾಹೇಬರ ಕಡೆ.

ಎರಡು ವರ್ಷ ಕೊಲ್ಲುತ್ತಾ ಇದ್ದದ್ದಕ್ಕೂ ಕೆಲವು ತಿಂಗಳು ಇದ್ದದ್ದಕ್ಕೂ ವ್ಯತ್ಯಾಸ ಇಲ್ವಾ? ಅನುಭವಿಸಿದವನಿಗೆ ಎರಡೂ ನರಕವೇ ಇರಬಹುದು. ಆದರೆ ಓದುವವನಿಗೆ ಮಾರಿದ್ದು 'ನಡೆದ ಕಥೆ' ಅಂತ. ಅಮೆರಿಕದಲ್ಲಿ ಸ್ಟಾರ್‌ಬಕ್ಸ್ ಕಾಫಿ ಅಂಗಡಿಗಳಲ್ಲಿ ಕೌಂಟರ್ ಪಕ್ಕ ಇಟ್ಟು ಮಾರಿದ ಪುಸ್ತಕ ಇದು. ಅಷ್ಟು ದೊಡ್ಡ ಪ್ರಕಾಶಕರಿಗೆ ಒಬ್ಬ ಮನುಷ್ಯನನ್ನು ಆ ಊರಿಗೆ ಕಳಿಸಿ ಶಾಲೆಯ ದಾಖಲೆ ನೋಡಿಸೋದು ಕಷ್ಟವಿತ್ತಾ? ಪತ್ರಿಕೆಯವರು ಹೋಗಿ ನೋಡಿದರಲ್ಲ.

ಸರಿಯಾಗಿ ಮಾಡಿದವರೂ ಇದ್ದಾರೆ. ಸುಡಾನ್‌ನ ಎರಡನೇ ಅಂತರ್ಯುದ್ಧದಲ್ಲಿ ಊರು ಬಿಟ್ಟು ನೂರಾರು ಮೈಲಿ ನಡೆದ ಹುಡುಗರಲ್ಲಿ ವ್ಯಾಲೆಂಟಿನೋ ಅಚಕ್ ಡೆಂಗ್ ಒಬ್ಬರು. ಅವರ ಬದುಕನ್ನು ಡೇವ್ ಎಗ್ಗರ್ಸ್ 2006ರಲ್ಲಿ 'ವಾಟ್ ಈಸ್ ದಿ ವಾಟ್' ಅಂತ ಬರೆದರು. ಮುಖಪುಟದಲ್ಲೇ ಕಾದಂಬರಿ ಅಂತ ಇದೆ. ಯಾಕೆ ಅಂತ ಡೆಂಗ್ ಮುನ್ನುಡಿಯಲ್ಲಿ ಹೇಳುತ್ತಾರೆ: ಆಗ ನಾನು ತೀರಾ ಚಿಕ್ಕವನು, ಯಾರು ಏನು ಮಾತಾಡಿದರು ಅಂತ ಅಕ್ಷರಶಃ ನೆನಪಿಲ್ಲ, ಅದಕ್ಕೆ ಕಾದಂಬರಿ ಅನ್ನಬೇಕಾಯಿತು. ಎಷ್ಟು ನೇರ! ಪುಸ್ತಕದಿಂದ ಬಂದ ದುಡ್ಡಿನಲ್ಲಿ ಅವರ ಊರು ಮರಿಯಲ್ ಬಾಯ್‌ನಲ್ಲಿ ಹೈಸ್ಕೂಲ್ ಕೂಡ ಕಟ್ಟಿಸಿದರು. ನನಗೆ ಈ ಪ್ರಾಮಾಣಿಕತೆ ಇಷ್ಟ.

ಮಾಟುಂಗಾ ಟೀಚರ್:

ಡೊಂಬಿವಲಿಯವರೇ, ನೀವು ಎತ್ತಿದ ಪ್ರಶ್ನೆ ಸರಿ. ಪ್ರಕಾಶಕರನ್ನು ಬೈಯಿರಿ, ನಾನೂ ಸೇರುತ್ತೇನೆ. ಆದರೆ ತಾರೀಕು ನೋಡಿ ಪುಸ್ತಕ ಮುಚ್ಚಿದರೆ ಅದರ ಒಳಗಿರುವುದು ಕೈತಪ್ಪಿ ಹೋಗುತ್ತದೆ.

ಕಿಂಗ್ಸ್ ಸರ್ಕಲ್ ಫುಟ್‌ಪಾತ್‌ನಲ್ಲಿ ಸಿಕ್ಕಿದ ಪ್ರತಿ ನನ್ನದು. ಅದರಲ್ಲಿ ಎರಡು ಕಡೆ ನಾನು ಪೆನ್ಸಿಲ್ ಗುರುತು ಹಾಕಿದ್ದೇನೆ. ಒಂದು, ಆ ಹುಡುಗರು ಹಳ್ಳಿಯಿಂದ ಹಳ್ಳಿಗೆ ನಡೆಯುವಾಗ ಜನ ಅವರನ್ನು ಕಂಡರೆ ಹೆದರುತ್ತಾರೆ. ಯಾಕೆಂದರೆ ಗುಂಪಾಗಿ ಬರುವ ಹುಡುಗರು ಅಂದರೆ ಬಂಡುಕೋರರೇ ಅಂತ ಆಗಿಬಿಟ್ಟಿದೆ. ಒಂದು ಊರಿನವರು ಇವರ ಶೂ ಕಿತ್ತುಕೊಂಡು ಓಡಿಸುತ್ತಾರೆ. ಕಾದ ಮರಳಿನ ಮೇಲೆ ಬರಿಗಾಲಲ್ಲಿ ನಡೆದು ಅಂಗಾಲಿನ ಚರ್ಮ ಸುಲಿದು ಹೋಗುತ್ತದೆ. ಆಮೇಲೆ ಯಾರೋ ಒಬ್ಬ ಮನುಷ್ಯ ತನ್ನ ಮೀನುಗಾರರ ಗುಡಿಸಲಿನಲ್ಲಿ ಇಟ್ಟುಕೊಂಡು ಕಾಲಿಗೆ ಔಷಧಿ ಮಾಡುತ್ತಾನೆ.

ಎರಡು, ಕ್ಯಾಸೆಟ್. ಅವನ ಜೇಬಿನಲ್ಲಿ ರ‍್ಯಾಪ್ ಹಾಡಿನ ಕ್ಯಾಸೆಟ್ ಇರುತ್ತದೆ. ಒಂದು ಊರಿನವರು ಇವರನ್ನು ಕಟ್ಟಿ ಯಜಮಾನನ ಮುಂದೆ ತಂದಾಗ ಆ ಕ್ಯಾಸೆಟ್ ಕೆಳಗೆ ಬೀಳುತ್ತದೆ. ಹಾಕಿ ಕೇಳುತ್ತಾರೆ. ಇದೇನು ಅಂತ ಕೇಳಿದಾಗ ಹುಡುಗ ಪ್ರಾಣಭಯದಲ್ಲಿ ಆ ಹಾಡಿಗೆ ಕುಣಿದು ತೋರಿಸುತ್ತಾನೆ. ಮಟ್ರು ಜಾಂಗ್‌ನಿಂದ ಬಂದಿದ್ದ ಒಬ್ಬ ಹುಡುಗ, ಇವರು ಹಾಡುವವರು, ನಾನು ನೋಡಿದ್ದೇನೆ ಅನ್ನುತ್ತಾನೆ. ಬಿಡುತ್ತಾರೆ. ಪುನರ್ವಸತಿ ಕೇಂದ್ರದಲ್ಲಿ ಎಸ್ತರ್ ಅನ್ನುವ ನರ್ಸ್ ಇವನ ಬಾಯಿ ಬಿಡಿಸುವುದೂ ಒಂದು ವಾಕ್‌ಮನ್ ಮತ್ತು ಕ್ಯಾಸೆಟ್ ಕೊಟ್ಟು.

ಇಂಥದ್ದನ್ನು 1993 ಅಂದರೂ ಒಂದೇ, 1995 ಅಂದರೂ ಒಂದೇ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಅನುಭವದಿಂದ ಹೇಳ್ತೀನಿ, ಹನ್ನೆರಡರ ಹುಡುಗನಿಗೆ ಇಸವಿ ಗೊತ್ತಿರಲ್ಲ. ಯಾವ ಹಾಡು ಆಗ ಹೊಸದು ಅಂತ ಚೆನ್ನಾಗಿ ಗೊತ್ತಿರುತ್ತದೆ.

ಬೀದರ್ ಮಂದಿ, ಪಿಂಪ್ರಿ:

ಟೀಚರ್ ಹೇಳಿದ್ದು ಓದಿ ನಮ್ಮ ಮನೆಯ ಒಂದು ಹಳೇ ಜಗಳ ಬರೆಯಬೇಕು ಅನ್ನಿಸ್ತು.

ನಮ್ಮೂರು ಬೀದರ್ ಜಿಲ್ಲೆ, ಆಗ ನಿಜಾಮರ ರಾಜ್ಯ. 1948ರಲ್ಲಿ ನಿಜಾಮರ ಪರ ಹೊಡೆದಾಡುತ್ತಿದ್ದ ರಜಾಕಾರರ ಹಾವಳಿ ತಡೆಯಲಾಗದೆ ನಮ್ಮ ಅಜ್ಜಿಯ ಮನೆಯವರು ಗಡಿ ದಾಟಿ ಸೋಲಾಪುರದ ಕಡೆ ಓಡಿ ಬಂದರು. ಆ ಕಡೆಯ ಹಳಬರ ಮನೆಗಳಲ್ಲಿ ಇಂಥ ಕಥೆ ಬೇಕಾದಷ್ಟು ಸಿಗುತ್ತವೆ. ಅಜ್ಜಿಗೆ ಆಗ ಎಂಟೋ ಒಂಬತ್ತೋ. ಅವರ ಅಣ್ಣನಿಗೆ ಹನ್ನೆರಡು. ಅಜ್ಜಿ ಸಾಯುವ ತನಕ ಹೇಳಿದ್ದು, "ಸೀತನಿ ತಿನ್ನೂ ಹೊತ್ತಿನ್ಯಾಗ ಹೊಂಟೀವಿ" ಅಂತ. ಅಂದರೆ ಎಳೆ ಜೋಳದ ತೆನೆ ಸುಡುವ ಕಾಲ, ಚಳಿಗಾಲ. ಅವರ ಅಣ್ಣ ಹೇಳಿದ್ದು, ಕಡು ಬೇಸಿಗೆ, ಬಾವಿ ಬತ್ತಿದ್ದವು ಅಂತ. ಇಬ್ಬರೂ ಒಂದೇ ಬಂಡಿಯಲ್ಲಿ ಕೂತು ಬಂದವರು! ಹಬ್ಬಕ್ಕೆ ಸೇರಿದಾಗಲೆಲ್ಲ ಇದೇ ವಾದ.

ಆದರೆ ಎಮ್ಮೆ ವಿಷಯದಲ್ಲಿ ಇಬ್ಬರದೂ ಒಂದೇ ಮಾತು. ಹೊರಡುವಾಗ ಎಮ್ಮೆಯ ಹಗ್ಗ ಬಿಚ್ಚಿ ಬಿಟ್ಟರು. ಅದು ಬಂಡಿಯ ಹಿಂದೆಯೇ ಬಂತು. ಹಳ್ಳದ ತನಕ ಬಂತು. ಅಲ್ಲಿ ಅವರಪ್ಪ ಇಳಿದು ಕಲ್ಲು ಹೊಡೆದು ಅದನ್ನ ವಾಪಸ್ ಓಡಿಸಿದರು. ಎಷ್ಟು ಕಲ್ಲು, ಯಾವ ಕಡೆ ಬಿತ್ತು ಅಂತ ಕೂಡ ಇಬ್ಬರೂ ಹೇಳುತ್ತಿದ್ದರು. ಈಗ ತಾರೀಕು ತಾಳೆ ಆಗಲ್ಲ ಅಂತ ಎಮ್ಮೆಯೂ ಸುಳ್ಳು ಅನ್ನೋಣವೇನ್ರೀ?

ಇನ್ನೊಂದು ಮಾತು. ಇದು ನಮ್ಮ ಮನೆಯ ಕಥೆ, ಹಾಗಾಗಿ ಒಂದು ಬದಿಯ ಕಥೆ. ಆ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ, ಅಂದರೆ ಭಾರತದ ಸೈನ್ಯ ನಿಜಾಮರ ರಾಜ್ಯ ವಶಕ್ಕೆ ತೆಗೆದುಕೊಂಡದ್ದು, ಮುಗಿದ ಮೇಲೆ ಅದೇ ಜಿಲ್ಲೆಗಳಲ್ಲಿ ಮುಸ್ಲಿಂ ಮನೆಗಳ ಮೇಲೆ ಏನು ನಡೆಯಿತು ಅಂತ ಭಾರತ ಸರ್ಕಾರವೇ ಕಳಿಸಿದ್ದ ಸುಂದರ್‌ಲಾಲ್ ಸಮಿತಿ ಬರೆದಿತ್ತು. ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದು ಅಂತ ಅಂದಾಜು. ಆ ವರದಿಯನ್ನು ದಶಕಗಟ್ಟಲೆ ಹೊರಗೆ ಬಿಡಲಿಲ್ಲ. ಆ ಮನೆಗಳ ಎಂಟು ವರ್ಷದ ಮಕ್ಕಳೂ ಏನೇನೋ ನೋಡಿರಬೇಕು. ನಮ್ಮೂರಲ್ಲಿ ಅವರನ್ನು ಯಾರೂ ಕೂರಿಸಿ ಕೇಳಿದ್ದು ನಾನು ಕಂಡಿಲ್ಲ.

ಡೊಂಬಿವಲಿ ಲೋಕಲ್:

ಬೀದರ್ ಅಣ್ಣ, ಎಮ್ಮೆ ನಂಬ್ತೀನಿ. ಆದರೆ ನಿಮ್ಮ ಅಜ್ಜಿ ಪುಸ್ತಕ ಬರೆದು ದೇಶ ದೇಶ ಸುತ್ತಿ ಭಾಷಣ ಮಾಡಲಿಲ್ಲ. ಮನೆಯ ನೆನಪಿಗೂ ಅಚ್ಚಾದ ಪುಸ್ತಕಕ್ಕೂ ಒಂದೇ ಅಳತೆ ಸಾಕಾ? ಅಜ್ಜಿಯ ಮಾತಿಗೆ ಎದುರು ವಾದ ಹೇಳೋಕೆ ಪಕ್ಕದಲ್ಲೇ ಅವರ ಅಣ್ಣ ಇದ್ದರು. ಬೇಯಾನ ಅಣ್ಣ ಬದುಕಿಲ್ಲ, ಜೊತೆಗಿದ್ದ ಹುಡುಗರೂ ಎದುರು ಬಂದು ಮಾತಾಡಲ್ಲ. ಅಂಥ ಕಡೆ ದಾಖಲೆ ಬಿಟ್ಟು ಬೇರೆ ಏನು ಉಳಿಯುತ್ತೆ?

ಮೀರಾ ರೋಡ್ ನರ್ಸ್:

ಉಳಿಯುತ್ತೆ. ಅದೇ ಯುದ್ಧದ ಇನ್ನೊಂದು ಮಗುವಿನ ಪುಸ್ತಕ.

ಮರಿಯಾಟು ಕಮಾರಾ ಬರೆದ 'ದಿ ಬೈಟ್ ಆಫ್ ದಿ ಮ್ಯಾಂಗೋ' ಓದಿದ್ದೀರಾ? 2008ರದು. ಅದೇ ಸಿಯೆರಾ ಲಿಯೋನ್. ಹನ್ನೆರಡು ವರ್ಷದ ಹಳ್ಳಿ ಹುಡುಗಿ. ಬಂಡುಕೋರರು ಅವಳ ಎರಡೂ ಕೈ ಕತ್ತರಿಸಿದರು. ಕತ್ತರಿಸಿದವರೂ ಹುಡುಗರೇ, ಅವಳಿಗಿಂತ ತುಂಬಾ ದೊಡ್ಡವರಲ್ಲ. ಹೋಗಿ ಅಧ್ಯಕ್ಷರ ಹತ್ತಿರ ಹೊಸ ಕೈ ಕೇಳು ಅಂದರು. ಕೈ ಇದ್ದರೆ ತಾನೇ ಓಟು ಹಾಕೋದು, ಅದು ಅವರ ಲೆಕ್ಕ.

ನಾನು ವಾರ್ಡ್‌ನಲ್ಲಿ ಕೆಲಸ ಮಾಡುವವಳು, ರಕ್ತ ನೋಡಿ ಹೆದರಲ್ಲ. ಆದರೂ ಆ ಮಾವಿನಹಣ್ಣಿನ ಪುಟದಲ್ಲಿ ಪುಸ್ತಕ ಕೆಳಗಿಟ್ಟೆ. ಕಾಡು ದಾಟಿ ಬರುವಾಗ ಒಬ್ಬ ಮನುಷ್ಯ ಸಿಗುತ್ತಾನೆ. ಅವನ ಹತ್ತಿರ ಮಾವಿನಹಣ್ಣು ಇರುತ್ತದೆ. ಬಾಯಿಗೆ ಹಿಡಿಯಲು ಬರುತ್ತಾನೆ. ಅವಳು ಬೇಡ ಅನ್ನುತ್ತಾಳೆ. ಕೂಸಿನ ಹಾಗೆ ಇನ್ನೊಬ್ಬರ ಕೈಯಿಂದ ತಿನ್ನಲು ಅವಳಿಗೆ ಮನಸ್ಸಿಲ್ಲ. ಬಟ್ಟೆ ಸುತ್ತಿದ ಎರಡು ಮೊಂಡು ತೋಳುಗಳ ನಡುವೆ ಹಣ್ಣು ಇಟ್ಟುಕೊಂಡು ತಾನೇ ಕಚ್ಚುತ್ತಾಳೆ. ಕೈ ಕಾಲು ಕಳೆದುಕೊಂಡ ಪೇಷೆಂಟ್‌ಗೆ ಮೊದಲ ಸಲ ಊಟ ಮಾಡಿಸೋಕೆ ಹೋದವರಿಗೆ ಇದು ಅರ್ಥ ಆಗುತ್ತೆ. ಚಮಚ ಹಿಡಿದು ಹೋದರೆ ಮುಖ ತಿರುಗಿಸ್ತಾರೆ. ಹಸಿವಿಲ್ಲ ಅಂತಲ್ಲ.

ಆಮೇಲೆ ಫ್ರೀಟೌನ್‌ನಲ್ಲಿ ಭಿಕ್ಷೆ, ಕೈಕಾಲು ಕಳೆದುಕೊಂಡವರ ಶಿಬಿರ, ಅಲ್ಲಿನ ನಾಟಕ ತಂಡ. ಕೊನೆಗೆ ಕೆನಡಾ. ಈಗ ಮುಖ್ಯ ವಿಷಯ: ಈ ಪುಸ್ತಕಕ್ಕೆ ಮುನ್ನುಡಿ ಬರೆದವರು ಇಶ್ಮಾಯೆಲ್ ಬೇಯಾ. ಬಂದೂಕು ಹಿಡಿದಿದ್ದ ಹುಡುಗ, ಕೈ ಕಳೆದುಕೊಂಡ ಹುಡುಗಿಯ ಪುಸ್ತಕಕ್ಕೆ. ಅವನಿದ್ದದ್ದು ಬೇರೆ ಪಕ್ಷ, ಅವಳ ಕೈ ಕತ್ತರಿಸಿದ್ದು ಬೇರೆ ಪಕ್ಷ, ಅದು ನಿಜ. ಆದರೂ ಎರಡನ್ನೂ ಒಟ್ಟಿಗೆ ಇಟ್ಟು ಓದಿ. ಒಂದೇ ಯುದ್ಧ ಎರಡು ಕಡೆಯಿಂದ ಕಾಣುತ್ತೆ. ಡೊಂಬಿವಲಿಯವರು ಕೇಳಿದ 'ಪಕ್ಕದಲ್ಲಿ ಕೂತ ಅಣ್ಣ' ಅಂದರೆ ಇದೇ ಅಲ್ವಾ?

ಡೊಂಬಿವಲಿ ಲೋಕಲ್:

ಸಿಸ್ಟರ್, ಅದು ಅವಳು ಒಬ್ಬಳೇ ಬರೆದದ್ದಲ್ಲ. ಸೂಸನ್ ಮ್ಯಾಕ್‌ಲೆಲಂಡ್ ಅನ್ನುವ ಪತ್ರಕರ್ತೆ ಜೊತೆಗಿದ್ದಾರೆ. ಯಾವ ವಾಕ್ಯ ಯಾರದು?

ಮೀರಾ ರೋಡ್ ನರ್ಸ್:

ಶಾಲೆಗೆ ಹೆಚ್ಚು ಹೋಗದ ಹಳ್ಳಿ ಹುಡುಗಿ ಇಂಗ್ಲಿಷಿನಲ್ಲಿ ಒಬ್ಬಳೇ ಹೇಗೆ ಬರೀಬೇಕಿತ್ತು ಹೇಳಿ? ಪತ್ರಕರ್ತೆಯ ಹೆಸರು ಮುಖಪುಟದ ಮೇಲೇ ಇದೆ, ಮುಚ್ಚಿಟ್ಟಿಲ್ಲ. ಕೇಸ್ ಶೀಟ್ ಬರೆಯೋದು ನಾನು, ನೋವು ಪೇಷೆಂಟ್‌ದು.

ವಾಸ್ಕೋ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಗದಗ ಕಡೆಯವನು, ಗೋವಾದಲ್ಲಿ ಕೆಲಸ. ಓದೋದೆಲ್ಲ ಮೊಬೈಲಿನಲ್ಲೇ.

ನನ್ನ ತಕರಾರು ಬೇರೆ. ಬೇಯಾ ಅಮೆರಿಕಕ್ಕೆ ಹೋದ. ಕಮಾರಾ ಕೆನಡಾಕ್ಕೆ. ಡೆಂಗ್ ಅಮೆರಿಕಕ್ಕೆ. ಎಲ್ಲ ಪುಸ್ತಕದ ಕೊನೆಗೂ ಒಂದು ವಿಮಾನ ಬರುತ್ತೆ. ವಿಮಾನ ಹತ್ತದವರ ಪುಸ್ತಕ ಎಲ್ಲಿ?

ನಮ್ಮ ಪಕ್ಕದ ನೇಪಾಳ ನೋಡಿ. 1996ರಿಂದ 2006ರ ತನಕ ಅಂತರ್ಯುದ್ಧ. ಸುಮಾರು 17 ಸಾವಿರ ಜನ ಸತ್ತರು. ಮಾವೋವಾದಿಗಳ ಸೈನ್ಯದಲ್ಲಿ ಮಕ್ಕಳು ಇದ್ದರು. ವಿಶ್ವಸಂಸ್ಥೆಯವರು ಶಿಬಿರಗಳಲ್ಲಿ ಪರಿಶೀಲನೆ ಮಾಡಿದಾಗ 4,008 ಜನರನ್ನು ಅನರ್ಹರು ಅಂತ ಬೇರೆ ಮಾಡಿದರು. ಅದರಲ್ಲಿ 2,973 ಜನ ಸೇರುವಾಗ ಹದಿನೆಂಟು ತುಂಬದವರು. 2010ರಲ್ಲಿ ಅವರನ್ನು ಶಿಬಿರದಿಂದ ಹೊರಗೆ ಕಳಿಸಿದರು. 'ಅಯೋಗ್ಯ' ಅನ್ನುವ ಹಣೆಪಟ್ಟಿ ಬೇರೆ. ಊರಿಗೆ ಹೋದರೆ ಮುಖ ತೋರಿಸೋಕೆ ಆಗಲ್ಲ. ಅವರಲ್ಲಿ ಎಷ್ಟೋ ಜನ ಕೂಲಿ ಹುಡುಕಿಕೊಂಡು ದೇಶ ಬಿಟ್ಟರು.

ನಾನು ಊಟ ಮಾಡುವ ಮೆಸ್ಸಿನಲ್ಲಿ ಚಪಾತಿ ಮಾಡುವವನು ನೇಪಾಳದವನು. ಪರಿಚಯ ಆಗಿ ತುಂಬಾ ದಿನ ಆದ ಮೇಲೆ ಹೇಳಿದ, ತಾನೂ ಚಿಕ್ಕವನಿದ್ದಾಗ ಅವರ ಜೊತೆ ಇದ್ದೆ ಅಂತ. ನಾನು ಸಿನಿಮಾ ಥರ ಏನೋ ಕೇಳೋಕೆ ಹೋದೆ. ಅವನು ಹಿಟ್ಟು ನಾದುತ್ತಲೇ ಹೇಳಿದ್ದು ಇಷ್ಟು: ಮೊದಲ ಸಲ ಬೂಟು ಸಿಕ್ಕಿತ್ತು, ಎರಡು ನಂಬರ್ ದೊಡ್ಡದು, ಒಳಗೆ ಬಟ್ಟೆ ತುರುಕಿ ಹಾಕಿಕೊಳ್ತಿದ್ದೆ. ಆಮೇಲೆ ಯಾರೋ ಪಲ್ಯ ಕೇಳಿದರು, ಅತ್ತ ಹೋದ. ಮತ್ತೆ ನಾನೂ ಕೇಳಿಲ್ಲ.

ನೇಪಾಳಿ ಭಾಷೆಯಲ್ಲಿ ತಾರಾ ರಾಯ್ ಅನ್ನುವವರು 2010ರಲ್ಲಿ 'ಛಾಪಾಮಾರ್ ಯುವತಿಕೋ ಡಾಯರಿ' ಬರೆದಿದ್ದಾರೆ. ಹದಿಹರೆಯದಲ್ಲೇ ಆ ಸೈನ್ಯಕ್ಕೆ ಸೇರಿದ ಹುಡುಗಿ. ಊರು ಬಿಟ್ಟು ಹೋಗಿ ಯಾವುದೋ ದೇಶದ ಓದುಗರಿಗೆ ಬರೆದದ್ದಲ್ಲ, ಅಲ್ಲೇ, ಆ ಭಾಷೆಯಲ್ಲೇ, ಎರಡೂ ಕಡೆಯವರು ಓದಬಹುದು ಅಂತ ಗೊತ್ತಿದ್ದು ಬರೆದದ್ದು. ಅದಕ್ಕೆ ಧೈರ್ಯ ಜಾಸ್ತಿ ಬೇಕು ಅಂತ ನನಗನ್ನಿಸುತ್ತೆ.

ಕಲೀನಾ ಎಂ.ಎ.:

ವಾಸ್ಕೋ ಅಣ್ಣನ ಪ್ರಶ್ನೆಗೆ ಉತ್ತರವಾಗಿ ನನ್ನ ಹತ್ತಿರ ಒಂದು ಪುಸ್ತಕ ಇದೆ. ವಿಮಾನವೇ ಇಲ್ಲದ್ದು.

ಪೆರು ದೇಶದ ಲೂರ್ಹಿಯೊ ಗವಿಲಾನ್. 1980ರ ದಶಕದಲ್ಲಿ ಅಲ್ಲಿ 'ಶೈನಿಂಗ್ ಪಾತ್' ಅನ್ನುವ ಮಾವೋವಾದಿ ಸಂಘಟನೆಗೂ ಸರ್ಕಾರಕ್ಕೂ ಯುದ್ಧ. ಆಮೇಲೆ ನೇಮಿಸಿದ ಸತ್ಯ ಆಯೋಗ 2003ರಲ್ಲಿ ಕೊಟ್ಟ ಅಂದಾಜು, ಸತ್ತವರು ಮತ್ತು ಕಾಣೆಯಾದವರು ಸೇರಿ ಸುಮಾರು 69 ಸಾವಿರ. ಜಾಸ್ತಿ ಜನ ಕೆಚುವಾ ಭಾಷೆ ಆಡುವ ಬೆಟ್ಟದ ರೈತರು. ಗವಿಲಾನ್ ಹನ್ನೆರಡರ ವಯಸ್ಸಿಗೆ ಅಣ್ಣನನ್ನು ಹುಡುಕಿಕೊಂಡು ಹೋಗಿ ಬಂಡುಕೋರರನ್ನು ಸೇರಿದ. ಸೈನ್ಯದವರಿಗೆ ಸಿಕ್ಕಿಬಿದ್ದ. ಒಬ್ಬ ಅಧಿಕಾರಿ ಕೊಲ್ಲದೆ ಬಿಟ್ಟ. ಅದೇ ಸೈನ್ಯದಲ್ಲಿ ಬೆಳೆದ, ಸೈನಿಕನಾದ. ಆಮೇಲೆ ಫ್ರಾನ್ಸಿಸ್ಕನ್ ಮಠ ಸೇರಿದ. ಅದನ್ನೂ ಬಿಟ್ಟು ಮಾನವಶಾಸ್ತ್ರ ಓದಿ ಪ್ರಾಧ್ಯಾಪಕನಾದ. 2012ರಲ್ಲಿ ಪುಸ್ತಕ ಬಂತು. ಇಂಗ್ಲಿಷಿನಲ್ಲಿ 'ವೆನ್ ರೇನ್ಸ್ ಬಿಕೇಮ್ ಫ್ಲಡ್ಸ್'. ಕೊನೆಗೆ ಅವನು ತಾನು ಹುಡುಗನಾಗಿ ಬಂದೂಕು ಹೊತ್ತು ನಡೆದ ಬೆಟ್ಟಗಳಿಗೇ ವಾಪಸ್ ಹೋಗುತ್ತಾನೆ. ಎಲ್ಲೂ ಗೋಳಾಡುವುದಿಲ್ಲ. ಬಂಡುಕೋರರಲ್ಲಿ ಸಿಕ್ಕ ಪ್ರೀತಿಯನ್ನೂ ಬರೆಯುತ್ತಾನೆ, ಅವರೇ ಮಾಡಿದ ಕೊಲೆಯನ್ನೂ ಬರೆಯುತ್ತಾನೆ. ಸೈನ್ಯದ ಬಗ್ಗೆಯೂ ಹಾಗೇ.

ಡೊಂಬಿವಲಿಯವರ ಪ್ರಶ್ನೆಗೆ ಇನ್ನೊಂದು. ಶ್ರೀಲಂಕಾದ ತಮಿಳು ಲೇಖಕ ಶೋಭಾಶಕ್ತಿ ಹುಡುಗನಾಗಿದ್ದಾಗ ಎಲ್‌ಟಿಟಿಇ ಸೇರಿದ್ದವರು. 2001ರಲ್ಲಿ 'ಗೊರಿಲ್ಲಾ' ಬರೆದರು. ಕಾದಂಬರಿ. ಆದರೆ ಕೆಳಗೆ ಅಡಿಟಿಪ್ಪಣಿ ಹಾಕಿ ನಡೆದ ಘಟನೆಗಳನ್ನೂ ಕೊಡುತ್ತಾರೆ. ಓದುವವನಿಗೆ ಎಲ್ಲಿ ಕಥೆ, ಎಲ್ಲಿ ನಿಜ ಅಂತ ಸುಮ್ನೆ ಕೂತುಕೊಳ್ಳಲು ಬಿಡುವುದಿಲ್ಲ. ನಮ್ಮ ಮುಂಬೈಯದೇ ಉದಾಹರಣೆ ಬೇಕಾದರೆ ದಯಾ ಪವಾರ್ ಅವರ ದಲಿತ ಆತ್ಮಕಥೆ 'ಬಲುತ' ಇದೆ, 1978ರದು. ಅದು ಯುದ್ಧದ ಕಥೆ ಅಲ್ಲ. ಆದರೆ ಅಲ್ಲಿ ದಗ್ಡು ಪವಾರ್ ಅನ್ನುವವನು ದಯಾ ಪವಾರ್‌ಗೆ ಕಥೆ ಹೇಳುತ್ತಾನೆ. ಒಬ್ಬನೇ ಮನುಷ್ಯ, ಇಬ್ಬರಾಗಿ ಕೂತಿದ್ದಾನೆ. ಅನುಭವಿಸಿದ ಹುಡುಗ ಬೇರೆ, ಬರೆಯುವ ದೊಡ್ಡವನು ಬೇರೆ ಅಂತ ಮೊದಲ ಪುಟದಲ್ಲೇ ಗೊತ್ತಾಗುತ್ತೆ. ಬೇಯಾ ಅದನ್ನು ಮಾಡಲಿಲ್ಲ. ಇಪ್ಪತ್ತಾರರ ಯುವಕ ಬರೆಯುತ್ತಿದ್ದರೂ ಹದಿಮೂರರ ಹುಡುಗನ ಕಣ್ಣಿಗೆ ಕಂಡಷ್ಟೇ ಹೇಳುತ್ತೇನೆ ಅಂತ ಹಟ ಹಿಡಿದ. ತಕರಾರು ಬಂದದ್ದು ಅಲ್ಲಿಂದಲೇ, ಪುಸ್ತಕ ಕೈಬಿಡದ ಹಾಗೆ ಓದಿಸುವುದೂ ಅದರಿಂದಲೇ.

ಕೊತ್ರೂಡ್ ಓದುಗ:

ಇವತ್ತು ಆಡಿಟ್ ಸಾಹೇಬರಿಗೆ ಇದೆಲ್ಲ ಓದಿ ಹೇಳಿದೆ. ಎಮ್ಮೆ ಕಥೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೊಸ ಪ್ರಶ್ನೆ ಎತ್ತಿದರು. ಈ ಹುಡುಗರು ಕೊಂದಿದ್ದಾರಲ್ಲ, ಅದಕ್ಕೆ ಹೊಣೆ ಯಾರು? ಪುನರ್ವಸತಿ ಕೇಂದ್ರದಲ್ಲಿ "ಇದು ನಿನ್ನ ತಪ್ಪಲ್ಲ" ಅಂತ ಹೇಳಿ ಹೇಳಿ ಕಳಿಸಿದರೆ ಸತ್ತವರ ಮನೆಯವರು ಏನು ಮಾಡಬೇಕು?

ಕಲೀನಾ ಎಂ.ಎ.:

ಒಳ್ಳೇ ಪ್ರಶ್ನೆ, ಕೋರ್ಟ್‌ಗಳೂ ಇದರಲ್ಲಿ ತಿಣುಕಾಡಿವೆ. ಸಿಯೆರಾ ಲಿಯೋನ್‌ನ ವಿಶೇಷ ನ್ಯಾಯಾಲಯಕ್ಕೆ ಹದಿನೈದು ದಾಟಿದವರನ್ನು ವಿಚಾರಣೆ ಮಾಡುವ ಅಧಿಕಾರ ಇತ್ತು. ಆದರೂ ಮಕ್ಕಳಾಗಿದ್ದಾಗ ಮಾಡಿದ್ದಕ್ಕೆ ಯಾರ ಮೇಲೂ ಕೇಸ್ ಹಾಕಲಿಲ್ಲ. ಮಕ್ಕಳನ್ನು ಸೈನ್ಯಕ್ಕೆ ಸೇರಿಸಿಕೊಂಡವರ ಬೆನ್ನು ಹತ್ತಿದರು. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2012ರಲ್ಲಿ ಕೊಟ್ಟ ಮೊದಲ ತೀರ್ಪೇ ಇದರ ಮೇಲೆ, ಕಾಂಗೋದ ಥಾಮಸ್ ಲುಬಾಂಗಾ ಕೇಸ್.

ಕಷ್ಟ ಆದದ್ದು ಉಗಾಂಡಾದ ಡೊಮಿನಿಕ್ ಓಂಗ್ವೆನ್ ವಿಷಯದಲ್ಲಿ. ಅವನನ್ನೇ ಚಿಕ್ಕವನಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಬಂಡುಕೋರರು ಎತ್ತಿಕೊಂಡು ಹೋಗಿದ್ದರು. ಬೆಳೆದು ಕಮಾಂಡರ್ ಆಗಿ ಅದನ್ನೇ ಬೇರೆ ಮಕ್ಕಳಿಗೆ ಮಾಡಿದ. ನ್ಯಾಯಾಲಯ ದೊಡ್ಡವನಾದ ಮೇಲೆ ಮಾಡಿದ್ದಕ್ಕೆ 2021ರಲ್ಲಿ 25 ವರ್ಷ ಶಿಕ್ಷೆ ಕೊಟ್ಟಿತು. ಬಾಲ್ಯದಲ್ಲಿ ಆದದ್ದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಶಿಕ್ಷೆ ಇಳಿಸಿದ್ದು.

ಮೀರಾ ರೋಡ್ ನರ್ಸ್:

"ನಿನ್ನ ತಪ್ಪಲ್ಲ" ಅನ್ನೋ ಮಾತನ್ನು ಆ ಹುಡುಗರೂ ಮೊದಲು ಒಪ್ಪಲ್ಲ. ಬೇಯಾ ಬರೆದಿದ್ದಾನೆ, ಯಾರಾದರೂ ಹಾಗಂದರೆ ಸಿಟ್ಟು ಬರುತ್ತಿತ್ತು ಅಂತ. ಆ ಸಿಟ್ಟೇ ನನಗೆ ಪುಸ್ತಕದಲ್ಲಿ ಹೆಚ್ಚು ನಂಬಿಕೆ ಬರಿಸಿದ್ದು. ಸುಳ್ಳು ಬರೆಯುವವನಾಗಿದ್ದರೆ ಆ ಮಾತು ಕೇಳಿದ ತಕ್ಷಣ ಅತ್ತು ಹಗುರ ಆದೆ ಅಂತ ಬರೀತಿದ್ದ.

ಪೊಂಡಾ ಕನ್ನಡತಿ:

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಮಗಳಿಗೆ ಹದಿನಾಲ್ಕು. ಶಾಲೆಯಲ್ಲಿ ಆನ್ ಫ್ರಾಂಕ್ (ನಾಜಿಗಳಿಂದ ಅಡಗಿ ಕೂತು ಡೈರಿ ಬರೆದ, ಕೊನೆಗೆ ಅವರ ಶಿಬಿರದಲ್ಲೇ ಸತ್ತ ಹುಡುಗಿ) ಪಾಠ ಆದ ಮೇಲೆ ಇಂಥದ್ದೇ ಬೇಕು ಅಂತ ಹಟ. ಬೇಯಾ ಕೊಡಬಹುದಾ? ಮನೆಯವರು ಬೇಡವೇ ಬೇಡ ಅಂತಾರೆ. ಅತ್ತೆ ಮಾತ್ರ, ಟಿವಿಯಲ್ಲಿ ದಿನಾ ನೋಡ್ತಾಳಲ್ಲ, ಪುಸ್ತಕಕ್ಕೆ ಏನು ಅಂತಾರೆ.

ಮಾಟುಂಗಾ ಟೀಚರ್:

ನಿಮ್ಮ ಅತ್ತೆಯವರು ನನಗೆ ಇಷ್ಟ ಆದರು. ಆದರೂ ಬೇಯಾ ಮೊದಲು ಬೇಡ. ಮಕ್ಕಳಿಗೆ ಗಾಂಜಾ, ಕೊಕೇನ್ ಜೊತೆ ಬಂದೂಕಿನ ಮದ್ದಿನ ಪುಡಿ ಬೆರೆಸಿ ಕೊಡುವುದು, ಕೈದಿಗಳನ್ನು ಕೊಲ್ಲುವ ಪಂದ್ಯ, ಎಲ್ಲ ಇದೆ. ಕಮಾರಾ ಪುಸ್ತಕದಲ್ಲಿ ಅತ್ಯಾಚಾರ, ಅದರಿಂದ ಹುಟ್ಟಿದ ಮಗು, ಆ ಮಗು ತೀರಿಕೊಳ್ಳುವುದು ಬರುತ್ತದೆ. ಇವೆರಡನ್ನೂ ನೀವು ಮೊದಲು ಓದಿ, ಒಂದೆರಡು ವರ್ಷ ಬಿಟ್ಟು ಕೊಡಿ, ಕೊಟ್ಟಾಗ ಪಕ್ಕದಲ್ಲಿರಿ.

ಈಗ ಝ್ಲಾಟಾ ಫಿಲಿಪೋವಿಚ್ ಕೊಡಿ. 'ಝ್ಲಾಟಾಸ್ ಡೈರಿ'. ಬೋಸ್ನಿಯಾದ ಸರಯೇವೊ ಊರಿನ ಹುಡುಗಿ. 1991ರ ಸೆಪ್ಟೆಂಬರ್‌ನಲ್ಲಿ ಡೈರಿ ಶುರು ಮಾಡುವಾಗ ಹನ್ನೊಂದು ತುಂಬಿಲ್ಲ. ಮೊದಲ ಪುಟಗಳಲ್ಲಿ ಪಿಯಾನೋ ಕ್ಲಾಸ್, ಎಂಟಿವಿ, ಹುಟ್ಟುಹಬ್ಬ. ನಿಮ್ಮ ಮಗಳಿಗೆ ತನ್ನದೇ ಡೈರಿ ಅನ್ನಿಸುತ್ತದೆ. 1992ರ ಏಪ್ರಿಲ್‌ನಿಂದ ಊರಿಗೆ ಮುತ್ತಿಗೆ. ನೀರಿಲ್ಲ, ಕರೆಂಟ್ ಇಲ್ಲ, ನೆಲಮಾಳಿಗೆಯಲ್ಲಿ ವಾಸ. ಜೊತೆಗೆ ಆಡುತ್ತಿದ್ದ ಹುಡುಗಿ ಪಾರ್ಕಿನಲ್ಲಿ ಶೆಲ್ ಬಿದ್ದು ಸಾಯುತ್ತಾಳೆ. ಆನ್ ಫ್ರಾಂಕ್ ಡೈರಿಗೆ ಕಿಟ್ಟಿ ಅಂತ ಹೆಸರಿಟ್ಟ ಹಾಗೆ ಇವಳು ಮಿಮ್ಮಿ ಅಂತ ಇಡುತ್ತಾಳೆ. ಜನ ತನ್ನನ್ನು ಆನ್ ಫ್ರಾಂಕ್‌ಗೆ ಹೋಲಿಸುವುದು ಅವಳಿಗೇ ಭಯ. ಅವಳಿಗೆ ಆದದ್ದೇ ನನಗೂ ಆದರೆ ಅಂತ. ಆಗಲಿಲ್ಲ. 1993ರ ಡಿಸೆಂಬರ್‌ನಲ್ಲಿ ಮನೆಯವರ ಜೊತೆ ಪ್ಯಾರಿಸ್‌ಗೆ ಹೋದಳು. ಮುತ್ತಿಗೆ ಮುಗಿದದ್ದು 1996ರ ಫೆಬ್ರವರಿಗೆ.

ಡೊಂಬಿವಲಿಯವರೇ, ನಿಮಗೂ ಇದು ಹಿಡಿಸುತ್ತೆ. ಅಂದಂದೇ ಬರೆದದ್ದು, ತಾರೀಕು ಸಮೇತ ಇದೆ.

ವಾಸ್ಕೋ ಹುಡುಗ:

ಮತ್ತೆ ವಿಮಾನ ಬಂತು ನೋಡಿ ಟೀಚರ್!

ಮಾಟುಂಗಾ ಟೀಚರ್:

ಬಂತಪ್ಪ. ಪಕ್ಕದ ಮನೆಯ ಮಕ್ಕಳು ಅಲ್ಲೇ ಉಳಿದರು. ಅವಳಿಗೂ ಅದು ಗೊತ್ತು, ಡೈರಿ ಅಚ್ಚಾಯಿತು ಅಂತ ತಾನು ಹೊರಗೆ ಬಂದೆ ಅಂತ. ಪೊಂಡಾದವರ ಮಗಳ ಜೊತೆ ಮಾತಾಡಬೇಕಾದ್ದು ಅದೇ.

ಡೊಂಬಿವಲಿ ಲೋಕಲ್:

ತಾರೀಕು ಇದೆ ಅಂದಮೇಲೆ ಓದ್ತೀನಿ. ಆದರೆ ನನ್ನ ಮಾತು ಬದಲಾಗಿಲ್ಲ. ಮಗುವಿನ ನೆನಪು ತಪ್ಪೋದು ಸಹಜ, ಅದಕ್ಕೆ ಹುಡುಗನನ್ನು ಬೈಯಲ್ಲ. ತಪ್ಪು ತೋರಿಸಿಕೊಟ್ಟ ಮೇಲೂ ಮುಂದಿನ ಮುದ್ರಣದಲ್ಲಿ ಒಂದು ಪುಟ ಟಿಪ್ಪಣಿ ಹಾಕಿ, ಹೀಗೊಂದು ತಕರಾರು ಇದೆ, ನನ್ನ ನೆನಪು ಹೀಗಿದೆ ಅಂತ ಬರೆದಿದ್ದರೆ ಏನು ಹೋಗ್ತಿತ್ತು? ಬೀದರ್ ಅಣ್ಣನ ಮನೆಯಲ್ಲಿ ಅಜ್ಜಿ, ಅವರ ಅಣ್ಣ ಇಬ್ಬರ ವಾದವೂ ಉಳಿದಿದೆ. ಪುಸ್ತಕದಲ್ಲೂ ಹಾಗೆ ಉಳಿಸಬಹುದಿತ್ತು. ದೊಡ್ಡ ಪ್ರಕಾಶಕರಿಗೆ ವಾದ ಬೇಡ, ಒಂದೇ ಕಥೆ ಬೇಕು. ಅದು ಮಾರಾಟ ಆಗುತ್ತೆ.

ಬೀದರ್ ಮಂದಿ, ಪಿಂಪ್ರಿ:

ಇದನ್ನ ಒಪ್ಪಿದೆ. ಟಿಪ್ಪಣಿ ಹಾಕಿದ್ದರೆ ಬೇಯಾನ ಮೇಲೆ ನನಗೆ ಗೌರವ ಇನ್ನೂ ಜಾಸ್ತಿ ಆಗ್ತಿತ್ತು.

ಕೊತ್ರೂಡ್ ಓದುಗ:

ಆಡಿಟ್ ಸಾಹೇಬರೂ ಫೋನಿನಲ್ಲಿ ಇದನ್ನೇ ಅಂದರು, "ಕ್ವಾಲಿಫೈಡ್ ರಿಪೋರ್ಟ್ ಕೊಡಬಹುದಿತ್ತು" ಅಂತ. ಅಂದರೆ ಲೆಕ್ಕ ಒಪ್ಪಿದರೂ ತಕರಾರು ಇರುವ ಕಡೆ ಅದನ್ನೂ ಬರೆದು ಕೊಡುವ ವರದಿ. ಮುಂದಿನ ತಿಂಗಳು ಕಮಾರಾ ಮತ್ತು ಗವಿಲಾನ್ ಒಟ್ಟಿಗೆ ಓದೋಣ ಅಂತ ಆಗಿದೆ. ಕಮಾರಾ ಅಪ್ಪಾ ಬಳವಂತ ಚೌಕದಲ್ಲಿ ಹುಡುಕ್ತೀನಿ. ಗವಿಲಾನ್ ಪುಣೆಯಲ್ಲಿ ಸಿಗುವ ಹಾಗಿಲ್ಲ. ಕಲೀನಾದವರೇ, ನಿಮ್ಮ ಪ್ರತಿ ಹದಿನೈದು ದಿನಕ್ಕೆ ಕೊಡ್ತೀರಾ? ಡೆಕ್ಕನ್ ಕ್ವೀನ್‌ನಲ್ಲಿ ಬಂದು ನಾನೇ ತಗೊಂಡು ಹೋಗ್ತೀನಿ.

ಕಲೀನಾ ಎಂ.ಎ.:

ಕೊಡ್ತೀನಿ ಸರ್. ಆದರೆ ಅಂಚಿನಲ್ಲಿ ನನ್ನ ಗೀಚು ಜಾಸ್ತಿ ಇದೆ, ಸಾಹೇಬರು ಅದನ್ನೂ ಆಡಿಟ್ ಮಾಡಬಾರದು.

ಪೊಂಡಾ ಕನ್ನಡತಿ:

ಟೀಚರ್, ಝ್ಲಾಟಾ ಪಣಜಿಯ ಸೆಂಟ್ರಲ್ ಲೈಬ್ರರಿಯಲ್ಲಿ ಇದೆಯಾ ಅಂತ ಶನಿವಾರ ನೋಡ್ತೀನಿ. ಅತ್ತೆಗೂ ಕೇಳಬೇಕಂತೆ, ಸಂಜೆ ಅಡುಗೆಮನೆಯಲ್ಲಿ ಮಗಳೇ ಕನ್ನಡದಲ್ಲಿ ಹೇಳ್ತಾ ಹೋಗಲಿ ಅಂತ ಕಂಡೀಷನ್ ಹಾಕಿದ್ದಾರೆ.